ಆಫ್ರಿಕಾ ಸುತ್ತಿ ಬಂದರೂ ಮೇರ್ಸ್ಕ್‌ಗೆ ಲಾಭ ಹೇಗೆ ಬಂತು?

ಪ್ರಶ್ನೆ: ಕೆಂಪು ಸಮುದ್ರದಲ್ಲಿ ಯೆಮೆನ್‌ನ ಹೌತಿ ಬಂಡುಕೋರರ ದಾಳಿಗೆ ಹೆದರಿ ಹಡಗುಗಳು ಸೂಯೆಜ್ ಕಾಲುವೆ ಬಿಟ್ಟು ಇಡೀ ಆಫ್ರಿಕಾ ಸುತ್ತಿದವು. ಡೀಸೆಲ್ಲು, ಸಂಬಳ ಎಲ್ಲ ಜಾಸ್ತಿ. ಕಂಟೇನರ್ ಹಡಗು ಓಡಿಸುವ ಮೇರ್ಸ್ಕ್ ಕಂಪನಿಗೆ ನಷ್ಟ ಆಗಿರಬೇಕು ಅಲ್ವಾ?

ಉತ್ತರ: ಇಲ್ಲ. ಇದನ್ನು ಎಷ್ಟು ಸಲ ಬರೆದೆನೋ, ಪ್ರಶ್ನೆ ಮತ್ತೆ ಬರುತ್ತದೆ. ಇವತ್ತು ಪೂರ್ತಿ ಬಿಡಿಸಿ ಹೇಳುತ್ತೇನೆ.

ಮೊದಲು ಅಂಕಿ. 2023ರ ಜುಲೈ–ಸೆಪ್ಟೆಂಬರ್‌ನಲ್ಲಿ ಈ ಡೆನ್ಮಾರ್ಕ್ ಕಂಪನಿಯ ಕಾರ್ಯಾಚರಣೆ ಲಾಭ (ಬಡ್ಡಿ, ತೆರಿಗೆ ಕಳೆಯುವ ಮುಂಚಿನದ್ದು) ಸುಮಾರು 54 ಕೋಟಿ ಡಾಲರ್. 2024ರ ಅದೇ ಮೂರು ತಿಂಗಳಲ್ಲಿ 330 ಕೋಟಿ ಡಾಲರ್. ಸಾಗಿಸಿದ ಸರಕು ಹೆಚ್ಚುಕಡಿಮೆ ಅಷ್ಟೇ. ಏರಿದ್ದು ಸರಕು ಸಾಗಿಸುವ ಬಾಡಿಗೆ.

ಬಾಡಿಗೆ ಏಕೆ ಏರಿತು? ಮಳೆಗಾಲದಲ್ಲಿ ಶಿರಾಡಿ ಘಾಟಿ ಬಂದ್ ಆದದ್ದನ್ನು ನೆನಪಿಸಿಕೊಳ್ಳಿ. ಮಂಗಳೂರಿನ ಬಸ್ಸು ಸುತ್ತಿಕೊಂಡು ಬರಬೇಕು. ಬೆಳಿಗ್ಗೆ ಆರಕ್ಕೆ ಬೆಂಗಳೂರು ಮುಟ್ಟಬೇಕಾದದ್ದು ಹತ್ತಕ್ಕೆ ಮುಟ್ಟುತ್ತದೆ, ಮರುಟ್ರಿಪ್ಪಿಗೆ ಸಮಯಕ್ಕೆ ಸಿಗುವುದಿಲ್ಲ. ಬಸ್ಸು ಅಷ್ಟೇ ಇವೆ, ಟ್ರಿಪ್ಪು ಕಡಿಮೆ. ಊರಿಗೆ ಹೋಗುವವರು ಮಾತ್ರ ಕಡಿಮೆಯಾಗಿಲ್ಲ. ಡೀಸೆಲ್ ಖರ್ಚು ಸ್ವಲ್ಪ ಏರಿದರೆ ಖಾಸಗಿ ಬಸ್ಸಿನ ಟಿಕೆಟ್ ಅದರ ಎಷ್ಟೋ ಪಟ್ಟು ಏರುತ್ತದೆ. ಕಂಟೇನರ್ ಹಡಗಿನ ಕಥೆಯೂ ಇದೇ. ಏಷ್ಯಾದಿಂದ ಯುರೋಪಿಗೆ ಹತ್ತು ಹದಿನೈದು ದಿನ ಹೆಚ್ಚು ಹಿಡಿದರೆ, ವಾರಕ್ಕೊಂದು ಹಡಗು ಬಿಡಲು ಹೆಚ್ಚು ಹಡಗು ಬೇಕು. ಖಾಲಿ ನಿಂತವೆಲ್ಲ ಕೆಲಸಕ್ಕೆ ಹೋದವು. ಜಾಗಕ್ಕೆ ಬೇಡಿಕೆ ಬಂತು.

ಇನ್ನೂ ನಂಬಿಕೆ ಬರಲಿಲ್ಲವೇ? ಹಾಗಾದರೆ ಉಲ್ಟಾ ನೋಡಿ. 2023ರ ಅಕ್ಟೋಬರ್‌–ಡಿಸೆಂಬರ್. ಡಿಸೆಂಬರ್ ಮಧ್ಯದವರೆಗೂ ಹಡಗುಗಳು ಸೂಯೆಜ್‌ನ ಹತ್ತಿರದ ದಾರಿಯಲ್ಲೇ ಓಡಾಡಿದವು. ಆ ತ್ರೈಮಾಸಿಕದಲ್ಲೇ ಕಂಪನಿಗೆ ಸುಮಾರು 54 ಕೋಟಿ ಡಾಲರ್ ನಷ್ಟ! ಕೋವಿಡ್ ಕಾಲದ ಲಾಭ ನೋಡಿ ಎಲ್ಲ ಕಂಪನಿಗಳೂ ಹೊಸ ಹಡಗಿಗೆ ಆರ್ಡರ್ ಕೊಟ್ಟಿದ್ದವು. ಅವು ಒಟ್ಟಿಗೇ ನೀರಿಗಿಳಿದು ಬಾಡಿಗೆ ಕುಸಿಯಿತು. ಹತ್ತಿರದ ದಾರಿ ಲಾಭ ತರಲಿಲ್ಲ, ದೂರದ ದಾರಿ ನಷ್ಟ ತರಲಿಲ್ಲ. ದಾರಿಯ ಉದ್ದಕ್ಕಿಂತ ಹಡಗು ಹೆಚ್ಚಿವೆಯೋ ಸರಕು ಹೆಚ್ಚಿದೆಯೋ ಎಂಬುದೇ ಮುಖ್ಯ. ಕಂಪನಿಯೇ 2024ರ ಫೆಬ್ರವರಿಯಲ್ಲಿ, ಆ ವರ್ಷ 500 ಕೋಟಿ ಡಾಲರ್‌ವರೆಗೆ ನಷ್ಟ ಆಗಬಹುದು ಎಂದಿತ್ತು. ವರ್ಷ ಮುಗಿದಾಗ 650 ಕೋಟಿ ಡಾಲರ್ ಲಾಭ.

ಬಂದರು, ಗೋದಾಮು, ಲಾಜಿಸ್ಟಿಕ್ಸ್ ಎಲ್ಲ ಇದೆಯಲ್ಲ, ಅದರಿಂದ ಬಂದ ಲಾಭ ಇರಬಹುದು ಎನ್ನುವವರಿದ್ದಾರೆ. ವರದಿಯಲ್ಲಿ ವಿಭಾಗವಾರು ಪಟ್ಟಿ ತೆರೆದು ನೋಡಿ. ಆ 330 ಕೋಟಿಯಲ್ಲಿ ಸುಮಾರು 280 ಕೋಟಿ ಹಡಗಿನದ್ದೇ. ಗುಜರಾತಿನ ಪಿಪಾವಾವ್ ಬಂದರು ನಡೆಸುವುದೂ ಇದೇ ಗುಂಪಿನ ಕಂಪನಿ. ಬಂದರುಗಳ ಗಳಿಕೆ ಅಷ್ಟು ಏರುಪೇರಾಗುವುದಿಲ್ಲ, ಒಳ್ಳೆಯದೇ. ಆದರೆ ಮೊತ್ತವನ್ನು ಎತ್ತುವುದೂ ಇಳಿಸುವುದೂ ಹಡಗೇ.

ಈ ಬಾಡಿಗೆ ಕೊಟ್ಟವರಲ್ಲಿ ನಮ್ಮವರೂ ಇದ್ದಾರೆ. ದೇಶದ ಕಾಫಿಯಲ್ಲಿ ನೂರಕ್ಕೆ ಸುಮಾರು 70 ಭಾಗ ಕರ್ನಾಟಕದ್ದು, ಅತಿ ಹೆಚ್ಚು ಕೊಳ್ಳುವ ದೇಶ ಇಟಲಿ. ಕೊಡಗಿನ ಚೀಲ ಇಟಲಿಗೆ ಹೋಗುವ ಮಾಮೂಲಿ ದಾರಿ ಸೂಯೆಜ್ ಮೂಲಕವೇ. ಅಲ್ಲಿ ಹೆಚ್ಚಾದ ಬಾಡಿಗೆಯೇ ಇಲ್ಲಿ ವರದಿಯ ಲಾಭದ ಸಾಲಿನಲ್ಲಿ ಕೂತಿದೆ.

ಯಾರೂ ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಅದೇ 2024ರ ಜುಲೈ–ಸೆಪ್ಟೆಂಬರ್ ವರದಿಯಲ್ಲಿ ಎರಡು ಲಾಭ ಕಾಣುತ್ತದೆ: 480 ಕೋಟಿ, 330 ಕೋಟಿ. ಸುದ್ದಿಗಳಲ್ಲಿ ಒಮ್ಮೆ ಇದು, ಒಮ್ಮೆ ಅದು. ಮೊದಲನೆಯದು ಸವಕಳಿ ಕಳೆಯುವ ಮುಂಚಿನದ್ದು. ನಡುವಿನ 150 ಕೋಟಿಯಲ್ಲಿ ಹೆಚ್ಚಿನ ಪಾಲು ಹಡಗು, ಕ್ರೇನು, ಕಂಟೇನರುಗಳ ಸವೆತ, ಅದೂ ಮೂರೇ ತಿಂಗಳದ್ದು. ಹಡಗು ಲಂಗರು ಹಾಕಿ ಸುಮ್ನೆ ನಿಂತರೂ ಈ ಲೆಕ್ಕ ನಿಲ್ಲುವುದಿಲ್ಲ. ಹಾಗಾಗಿ ಎರಡು ಹಡಗು ಕಂಪನಿಗಳನ್ನು ಹೋಲಿಸುವಾಗ ನಾನು ನೋಡುವುದು ಎರಡನೆಯ ಅಂಕಿ.