5600ಜಿ ಕೊಳ್ಳುವುದೋ, 12100ಎಫ್ ಕೊಳ್ಳುವುದೋ?

ಪ್ರಶ್ನೆ: ಮನೆಗೆ ಒಂದು ಕಂಪ್ಯೂಟರ್ ಜೋಡಿಸಿಕೊಳ್ಳಬೇಕೆಂದಿದ್ದೇವೆ. ಹಗಲು ಟ್ಯಾಲಿ, ಎಕ್ಸೆಲ್, ಮಗಳ ಆನ್‌ಲೈನ್ ಪಾಠ. ರಾತ್ರಿಯಾದರೆ ಮಗನ ವ್ಯಾಲೊರಂಟ್, ಜಿಟಿಎ 5. ಒಂದು ಅಂಗಡಿಯವರು ಎಎಂಡಿ ಕಂಪನಿಯ ರೈಜನ್ 5 5600ಜಿ ಪ್ರೊಸೆಸರ್ ತೆಗೆದುಕೊಳ್ಳಿ ಎನ್ನುತ್ತಾರೆ. ಇನ್ನೊಬ್ಬರು ಇಂಟೆಲ್‌ನ ಕೋರ್ ಐ3-12100ಎಫ್ ಅದಕ್ಕಿಂತ ವೇಗ, ಬೆಲೆಯೂ ಕಡಿಮೆ ಎನ್ನುತ್ತಾರೆ. ಯಾರ ಮಾತು ನಂಬುವುದು?

ಉತ್ತರ: ಇಬ್ಬರೂ ಸುಳ್ಳು ಹೇಳಿಲ್ಲ. ಆದರೆ ನಿಮ್ಮನ್ನು ಮೊದಲು ಕೇಳಬೇಕಾಗಿದ್ದ ಮಾತನ್ನು ಇಬ್ಬರೂ ಕೇಳಿಲ್ಲ: ಪರದೆಯ ಮೇಲೆ ಚಿತ್ರ ಮೂಡಿಸುವ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡನ್ನು ಈಗಲೇ ಕೊಳ್ಳುತ್ತೀರೋ ಇಲ್ಲವೋ? ಕೊಳ್ಳುವುದಿಲ್ಲ ಎಂದಾದರೆ 5600ಜಿ. ಇದೇ ಬಿಲ್ಲಿನಲ್ಲಿ ಕಾರ್ಡೂ ಸೇರಿದೆ ಎಂದಾದರೆ 12100ಎಫ್. ‘ಈಗ ಬೇಡ, ಮುಂದಿನ ದೀಪಾವಳಿಗೆ ನೋಡೋಣ’ ಎನ್ನುವವರ ಲೆಕ್ಕ ಸ್ವಲ್ಪ ತೊಡಕಿನದು, ಅದಕ್ಕೆ ಆಮೇಲೆ ಬರುತ್ತೇನೆ.

ಇಂಟೆಲ್‌ನ ಹೆಸರಿನ ಕೊನೆಯಲ್ಲಿರುವ ‘ಎಫ್’ ಅಕ್ಷರವನ್ನು ಬಹಳ ಜನ ಗಮನಿಸುವುದಿಲ್ಲ. ಆ ಅಕ್ಷರ ಇದ್ದರೆ ಆ ಚಿಪ್‌ನಲ್ಲಿ ಚಿತ್ರ ಮೂಡಿಸುವ ಭಾಗ ಕೆಲಸ ಮಾಡುವುದಿಲ್ಲ. ಮದರ್‌ಬೋರ್ಡಿನ ಹಿಂಬದಿಯಲ್ಲಿ ಎಚ್‌ಡಿಎಂಐ ಕಿಂಡಿ ಇರುತ್ತದೆ, ಮಾನಿಟರಿನ ತಂತಿ ಅದಕ್ಕೆ ಸರಿಯಾಗಿ ಕೂರುತ್ತದೆ, ಫ್ಯಾನ್ ತಿರುಗುತ್ತದೆ, ದೀಪ ಉರಿಯುತ್ತದೆ. ಪರದೆ ಮಾತ್ರ ಕಪ್ಪು. ‘ಹೊಸ ಕಂಪ್ಯೂಟರ್ ಕೆಟ್ಟಿದೆ’ ಎಂದು ಅಂಗಡಿಗೆ ಹೊತ್ತುಕೊಂಡು ಹೋಗುವವರಲ್ಲಿ ಎಷ್ಟೋ ಮಂದಿಯ ಕಥೆ ಇಷ್ಟೇ. 12100ಎಫ್ ಕೊಂಡ ಮೇಲೆ ಗ್ರಾಫಿಕ್ಸ್ ಕಾರ್ಡ್ ಕೊಳ್ಳಲೇಬೇಕು. ಎರಡನೆಯ ಅಂಗಡಿಯವರು ‘ಬೆಲೆಯೂ ಕಡಿಮೆ’ ಎಂದದ್ದು ಆ ಖರ್ಚನ್ನು ಬಿಟ್ಟು ಹೇಳಿದ ಮಾತು.

5600ಜಿ ಇದಕ್ಕೆ ತದ್ವಿರುದ್ಧ. 2021ರ ಆಗಸ್ಟ್‌ನಲ್ಲಿ ಅಂಗಡಿಗೆ ಬಂದ ಈ ಎಎಂಡಿ ಚಿಪ್‌ನ ಒಳಗೇ ವೇಗಾ 7 ಎಂಬ ಗ್ರಾಫಿಕ್ಸ್ ಇದೆ. ಚಿಪ್ ಒಳಗಿನ ಗ್ರಾಫಿಕ್ಸ್ ಎಂದರೆ ಮೂಗು ಮುರಿಯುವ ಅಭ್ಯಾಸ ನಮ್ಮಲ್ಲಿದೆ; ಹಳೆಯ ಇಂಟೆಲ್ ಯಂತ್ರಗಳಲ್ಲಿ ಆಡಲು ಹೋಗಿ ಸೋತವರು ಹಾಗೆ ಹೇಳುವುದು ಸಹಜವೇ. ಆದರೆ ವ್ಯಾಲೊರಂಟ್‌ನಂಥ ಹಗುರ ಆಟವನ್ನು ವೇಗಾ 7 ಪೂರ್ಣ ಎಚ್‌ಡಿ ಪರದೆಯಲ್ಲಿ, ಕಡಿಮೆ ಸೆಟ್ಟಿಂಗ್‌ನಲ್ಲಿ, ಸೆಕೆಂಡಿಗೆ 60 ಫ್ರೇಮ್‌ಗಿಂತ ಆರಾಮವಾಗಿ ಮೇಲೆಯೇ ಓಡಿಸುತ್ತದೆ. ಜಿಟಿಎ 5 ಪಿಸಿಗೆ ಬಂದದ್ದು 2015ರಲ್ಲಿ. ಸೆಟ್ಟಿಂಗ್‌ಗಳನ್ನು ಸಾಧಾರಣಕ್ಕೆ ಇಳಿಸಿಕೊಂಡರೆ ಅದನ್ನೂ ಚೆನ್ನಾಗಿಯೇ ಆಡಬಹುದು. ಸೈಬರ್‌ಪಂಕ್ 2077ರಂಥ ಭಾರದ ಆಟಕ್ಕೆ ಕೈ ಹಾಕಿದರೆ ಪರದೆಯ ರೆಸಲ್ಯೂಶನ್ ಇಳಿಸಿ, ನೆರಳು ತೆಗೆದು, ಒದ್ದಾಡಬೇಕಾಗುತ್ತದೆ. ಅದನ್ನು ಆಟವೆನ್ನಲು ನನಗೆ ಮನಸ್ಸಿಲ್ಲ.

ಈ ‘ಚೆನ್ನಾಗಿ’ ಎನ್ನುವುದಕ್ಕೆ ಒಂದು ಷರತ್ತಿದೆ. ಅದು ರ‍್ಯಾಮ್. ಈ ಉತ್ತರದಲ್ಲಿ ಬೇರೆಲ್ಲ ಮರೆತರೂ ಇದನ್ನು ಮರೆಯಬೇಡಿ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡಿಗೆ ತನ್ನದೇ ಮೆಮೊರಿ ಇರುತ್ತದೆ. ಆರ್‌ಎಕ್ಸ್ 6600 ಕಾರ್ಡನ್ನೇ ತೆಗೆದುಕೊಳ್ಳಿ: ಅದರ 8 ಜಿಬಿ ಮೆಮೊರಿಯಿಂದ ಸೆಕೆಂಡಿಗೆ 224 ಜಿಬಿ ದತ್ತಾಂಶ ಹರಿಯುತ್ತದೆ. ವೇಗಾ 7ಕ್ಕೆ ಸ್ವಂತ ಮೆಮೊರಿಯೇ ಇಲ್ಲ. ನೀವು ಬೋರ್ಡಿಗೆ ಹಾಕುವ ರ‍್ಯಾಮನ್ನೇ ಅದು ಪ್ರೊಸೆಸರ್ ಜೊತೆ ಹಂಚಿಕೊಳ್ಳಬೇಕು. 3200 ವೇಗದ ಒಂದು ಡಿಡಿಆರ್4 ರ‍್ಯಾಮ್ ಕಡ್ಡಿ ಸೆಕೆಂಡಿಗೆ ಹೆಚ್ಚೆಂದರೆ 25.6 ಜಿಬಿ ಕೊಡುತ್ತದೆ. ಎರಡು ಕಡ್ಡಿ ಹಾಕಿದರೆ ಎರಡು ಚಾನೆಲ್‌ಗಳು ಒಟ್ಟಿಗೆ ಕೆಲಸ ಮಾಡಿ 51.2 ಜಿಬಿ ಆಗುತ್ತದೆ. ಹಾಗಾಗಿ 16 ಜಿಬಿಯ ಒಂದೇ ಕಡ್ಡಿಯ ಬದಲು 8 ಜಿಬಿಯ ಎರಡು ಕಡ್ಡಿಗಳನ್ನು ಕೇಳಿ ಹಾಕಿಸಿಕೊಳ್ಳಿ. ‘ಈಗ ಒಂದು ಇರಲಿ ಸಾರ್, ಇನ್ನೊಂದು ಆಮೇಲೆ ಹಾಕಿಸಿಕೊಳ್ಳಬಹುದು’ ಎಂದು ಅಂಗಡಿಯವರು ಹೇಳುತ್ತಾರೆ. 2025ರ ಕೊನೆಯಿಂದ ರ‍್ಯಾಮ್ ಬೆಲೆ ಏರಿರುವುದರಿಂದ ಆ ಮಾತು ಹಿತವಾಗಿಯೂ ಕೇಳಿಸುತ್ತದೆ. ಕೇಳಬೇಡಿ. ಒಂದೇ ಕಡ್ಡಿ ಹಾಕಿದ 5600ಜಿ ಎಂದರೆ ಅರ್ಧ ನಲ್ಲಿ ತಿರುಗಿಸಿ ಟ್ಯಾಂಕ್ ತುಂಬಲಿಲ್ಲವೆಂದು ಬೈದ ಹಾಗೆ. ವೇಗಾ ತನ್ನ ಬಳಕೆಗೆಂದು ಸ್ವಲ್ಪ ರ‍್ಯಾಮ್ ತೆಗೆದಿಟ್ಟುಕೊಳ್ಳುತ್ತದೆ ಕೂಡ. ಆದ್ದರಿಂದ ವಿಂಡೋಸ್‌ನಲ್ಲಿ ಬಳಸಬಹುದಾದ ರ‍್ಯಾಮ್ 16 ಜಿಬಿಗಿಂತ ಕಡಿಮೆ ಕಂಡರೆ ಗಾಬರಿಯಾಗಬೇಕಿಲ್ಲ. ಒಟ್ಟು 8 ಜಿಬಿ ಮಾತ್ರ ಇದ್ದರೆ ಕ್ರೋಮ್ ತೆರೆದಿಟ್ಟು ಆಡುವುದು ಕಷ್ಟ.

ಇನ್ನು ಕಾರ್ಡ್ ಕೊಳ್ಳುವವರ ಲೆಕ್ಕ. ಕಾಗದದ ಮೇಲೆ 5600ಜಿ ದೊಡ್ಡದಾಗಿ ಕಾಣುತ್ತದೆ: 6 ಕೋರ್ (ಲೆಕ್ಕ ಮಾಡುವ ಘಟಕಗಳು), 12 ಥ್ರೆಡ್ (ಏಕಕಾಲಕ್ಕೆ ನಡೆಸಬಲ್ಲ ಕೆಲಸಗಳು), 4.4 ಗಿಗಾಹರ್ಟ್ಸ್‌ವರೆಗಿನ ವೇಗ. 2022ರ ಜನವರಿಯಲ್ಲಿ ಬಂದ 12100ಎಫ್‌ಗೆ ಇರುವುದು 4 ಕೋರ್, 8 ಥ್ರೆಡ್, 4.3 ಗಿಗಾಹರ್ಟ್ಸ್. ಆದರೂ ಒಳ್ಳೆಯ ಕಾರ್ಡ್ ಜೊತೆಗಿದ್ದಾಗ ಹೆಚ್ಚಿನ ಆಟಗಳಲ್ಲಿ 12100ಎಫ್ ಮುಂದಿರುತ್ತದೆ. ಆಟದ ಕೆಲಸದಲ್ಲಿ ಬಹುಪಾಲು ಒಂದೆರಡು ಕೋರ್‌ಗಳ ಮೇಲೆಯೇ ಬೀಳುತ್ತದೆ, ಮತ್ತು ಅದೇ ಗಿಗಾಹರ್ಟ್ಸ್‌ನಲ್ಲಿ ಇಂಟೆಲ್‌ನ ಈ ಪೀಳಿಗೆಯ ಒಂದೊಂದು ಕೋರ್ ಹೆಚ್ಚು ಕೆಲಸ ಮುಗಿಸುತ್ತದೆ. ಜೊತೆಗೆ 5600ಜಿಯೊಳಗೆ ಗ್ರಾಫಿಕ್ಸ್‌ಗೆ ಜಾಗ ಕೊಡಲು ಎಎಂಡಿ ಕ್ಯಾಶೆಯನ್ನು, ಅಂದರೆ ಚಿಪ್ ಒಳಗೇ ಇರುವ ಅತಿ ವೇಗದ ಮೆಮೊರಿಯನ್ನು, ಕತ್ತರಿಸಿದೆ. ‘ಜಿ’ ಇಲ್ಲದ ರೈಜನ್ 5 5600ದಲ್ಲಿ 32 ಎಂಬಿ ಎಲ್3 ಕ್ಯಾಶೆ ಇದೆ. 5600ಜಿಯಲ್ಲಿ 16 ಮಾತ್ರ. ಆಟಗಳಿಗೆ ಈ ಕ್ಯಾಶೆ ಬಹಳ ಮುಖ್ಯ.

ಕತ್ತರಿ ಬಿದ್ದದ್ದು ಅದೊಂದಕ್ಕೇ ಅಲ್ಲ. 5600ಜಿ ಪಿಸಿಐಇ 3.0 ಚಿಪ್; ಪಿಸಿಐಇ ಎಂದರೆ ಕಾರ್ಡಿಗೂ ಪ್ರೊಸೆಸರ್‌ಗೂ ನಡುವಿನ ದತ್ತಾಂಶದ ದಾರಿ, 4.0 ಅದರ ಹೆಚ್ಚು ವೇಗದ ಮುಂದಿನ ಪೀಳಿಗೆ. ಬಿ550ಯಂಥ ದುಬಾರಿ ಬೋರ್ಡಿನಲ್ಲಿ ಕೂರಿಸಿದರೂ ಕಾರ್ಡಿನ ಕಿಂಡಿ 3.0ರಲ್ಲೇ ಓಡುತ್ತದೆ. ದೊಡ್ಡ ಕಾರ್ಡುಗಳಿಗೆ ಇದರಿಂದ ಅಂಥ ನಷ್ಟವಿಲ್ಲ. ಪೆಟ್ಟು ಬೀಳುವುದು ಅಗ್ಗದ ಕಾರ್ಡುಗಳಿಗೆ. ಆರ್‌ಎಕ್ಸ್ 6500 ಎಕ್ಸ್‌ಟಿ, ಆರ್‌ಎಕ್ಸ್ 6400 ಕಾರ್ಡುಗಳು ಆ ದಾರಿಯ 16 ಲೇನ್‌ಗಳ ಬದಲು ಬರೀ 4 ಲೇನ್ ಬಳಸುತ್ತವೆ. 4.0ರಲ್ಲಿ ಆ ನಾಲ್ಕು ಲೇನ್‌ಗಳಿಂದ ಸೆಕೆಂಡಿಗೆ ಸುಮಾರು 8 ಜಿಬಿ ಹೋದರೆ 3.0ರಲ್ಲಿ ಸುಮಾರು 4 ಜಿಬಿ. ಈ ಕಾರ್ಡುಗಳು ಸಾಮಾನ್ಯವಾಗಿ 4 ಜಿಬಿ ಮೆಮೊರಿಯವು. ಅದು ತುಂಬಿದೊಡನೆ ಕಾರ್ಡು ರ‍್ಯಾಮಿನ ಕಡೆ ಓಡಬೇಕು, ದಾರಿ ಕಿರಿದಾಗಿದ್ದರೆ ಆಟ ತಡವರಿಸುತ್ತದೆ. ಅಂದರೆ 5600ಜಿ ಕೊಂಡವರು ಆಮೇಲೆ ಕೊಳ್ಳುವ ಸಾಧ್ಯತೆ ಹೆಚ್ಚಿರುವ ಕಾರ್ಡುಗಳೇ ಅದಕ್ಕೆ ಒಗ್ಗದ ಕಾರ್ಡುಗಳು. 12100ಎಫ್‌ಗೆ ಈ ತೊಂದರೆಯಿಲ್ಲ. ಕಡಿಮೆ ಬೆಲೆಯ ಎಚ್610 ಬೋರ್ಡಿನಲ್ಲೂ ಕಾರ್ಡಿನ ಕಿಂಡಿಗೆ 4.0 ಸಿಗುತ್ತದೆ.

ನಾಲ್ಕು ಕೋರ್ ಸಾಕಾಗುತ್ತದೆಯೇ ಎಂಬ ಅನುಮಾನ ನ್ಯಾಯವಾದದ್ದೇ. ನಿಮ್ಮ ಮಗ ಆಡುವ ಎರಡು ಆಟಗಳಿಗೆ ಧಾರಾಳವಾಗಿ ಸಾಕು. ಹೊಸ ದೊಡ್ಡ ಆಟಗಳಲ್ಲಿ, ಅದರಲ್ಲೂ ಹಿಂದೆ ಡಿಸ್ಕಾರ್ಡ್, ಬ್ರೌಸರ್, ರೆಕಾರ್ಡಿಂಗ್ ಎಲ್ಲ ತೆರೆದಿದ್ದರೆ, ನಡುನಡುವೆ ಜರ್ಕ್ ಹೊಡೆಯುತ್ತದೆ. ಅವನು ವಿಡಿಯೊ ಎಡಿಟಿಂಗ್ ಅಥವಾ ಬ್ಲೆಂಡರ್ ಎಂಬ 3ಡಿ ಚಿತ್ರ ತಂತ್ರಾಂಶ ಕಲಿಯಲು ಹೊರಟಿದ್ದರೆ 5600ಜಿಯ ಆರು ಕೋರ್‌ಗಳು ರೆಂಡರಿಂಗ್ ಹೊತ್ತಿನಲ್ಲಿ ಸ್ಪಷ್ಟವಾಗಿ ಮುಂದಿರುತ್ತವೆ.

ಟ್ಯಾಲಿ, ಎಕ್ಸೆಲ್, ನುಡಿ, ಜೂಮ್ ಪಾಠ ಇವುಗಳ ಬಗ್ಗೆ ಹೆಚ್ಚು ಬರೆಯುವುದಕ್ಕೇನೂ ಇಲ್ಲ. ಎರಡರಲ್ಲೂ ವ್ಯತ್ಯಾಸ ತಿಳಿಯುವುದಿಲ್ಲ. ಆ ಕೆಲಸಕ್ಕೆ ಎಸ್‌ಎಸ್‌ಡಿ ಇರಬೇಕು, 16 ಜಿಬಿ ರ‍್ಯಾಮ್ ಇರಬೇಕು, ಅಷ್ಟೇ. ಆಟ ಮುಖ್ಯವೇ ಅಲ್ಲ, ಕಚೇರಿ ಕೆಲಸವೇ ಎಲ್ಲ ಎಂದಿದ್ದರೆ ಎಫ್ ಇಲ್ಲದ 12100 ಕೂಡ ಒಳ್ಳೆಯ ಆಯ್ಕೆ: ಅದರೊಳಗಿನ ಯುಎಚ್‌ಡಿ 730 ಗ್ರಾಫಿಕ್ಸ್ ಆಟದಲ್ಲಿ ವೇಗಾದ ಹತ್ತಿರಕ್ಕೂ ಬರುವುದಿಲ್ಲ, ಆದರೆ ಯೂಟ್ಯೂಬ್ ಬಳಸುವ ಎವಿ1 ಮಾದರಿಯ ವಿಡಿಯೊವನ್ನು ಹಾರ್ಡ್‌ವೇರ್‌ನಲ್ಲೇ ಬಿಡಿಸುತ್ತದೆ. ವೇಗಾ 7ಕ್ಕೆ ಅದು ಬಾರದು; ಆ ಕೆಲಸ ಪ್ರೊಸೆಸರ್ ಕೋರ್‌ಗಳ ಮೇಲೆ ಬೀಳುತ್ತದೆ, ಅವು ಮಾಡಿಕೊಡುತ್ತವೆ.

ಈಗ ದೀಪಾವಳಿಯವರು. ‘ಸದ್ಯಕ್ಕೆ 5600ಜಿ, ಮುಂದೆ ಕಾರ್ಡ್’ ಎನ್ನುವ ಯೋಜನೆ ಕೇಳಲು ಬಹಳ ಜಾಣತನದ್ದು. ನನಗೆ ಅದರ ಮೇಲೆ ಅರ್ಧ ನಂಬಿಕೆ. ಮುಂದೆ ಕಾರ್ಡ್ ಬಂದ ದಿನ ನೀವು ಹಣ ಕೊಟ್ಟು ಕೊಂಡ ವೇಗಾ ಸುಮ್ಮನೆ ಕೂರುತ್ತದೆ, ಅದಕ್ಕಾಗಿ ಕತ್ತರಿಸಿದ ಕ್ಯಾಶೆ ಮರಳಿ ಬರುವುದಿಲ್ಲ. ಆದರೆ ಅಷ್ಟರೊಳಗೆ ಮಗ ಆಡಿರುತ್ತಾನೆ, ಮನೆಯ ಕೆಲಸ ನಡೆದಿರುತ್ತದೆ. ಆ ಕಾಲಕ್ಕೂ ಬೆಲೆಯಿದೆ. ಮುಂದೆ ಎಂದಾದರೂ ಕಾರ್ಡ್ ಕೆಟ್ಟು ವಾರಂಟಿಗೆ ಹೋದರೆ 12100ಎಫ್ ಮನೆಯಲ್ಲಿ ಕಂಪ್ಯೂಟರೇ ಇಲ್ಲದಂತಾಗುತ್ತದೆ, 5600ಜಿ ಮನೆಯಲ್ಲಿ ಟ್ಯಾಲಿ ನಿಲ್ಲುವುದಿಲ್ಲ. ಕಾರ್ಡ್ ಬರುವುದು ಎರಡು ಮೂರು ತಿಂಗಳ ಮಾತಾದರೆ ಇಡೀ ಖರೀದಿಯನ್ನೇ ಮುಂದೂಡಿ, ಆಗ ಕಾರ್ಡ್ ಸಮೇತ 12100ಎಫ್ ಅಥವಾ ಬಜೆಟ್ ತುಸು ಎಳೆದು ‘ಜಿ’ ಇಲ್ಲದ 5600 ಕೊಳ್ಳಿ. ಎರಡನೆಯದರಲ್ಲಿ ಆರು ಕೋರ್, ಪೂರ್ಣ ಕ್ಯಾಶೆ, ಪಿಸಿಐಇ 4.0 ಮೂರೂ ಇವೆ. ಒಂದು ವರ್ಷಕ್ಕಿಂತ ಹೆಚ್ಚಿನ ಮಾತಾದರೆ ಮುಲಾಜಿಲ್ಲದೆ 5600ಜಿ.

ಮುಂದೆ ಪ್ರೊಸೆಸರ್ ಮಾತ್ರ ಬದಲಿಸುವ ಅವಕಾಶ ಎರಡು ಕಡೆಯೂ ಇದೆ, ಎರಡೂ ಕಡೆ ದಾರಿ ಮುಗಿಯುವ ಹಂತದಲ್ಲಿದೆ. 5600ಜಿಯ ಎಎಂ4 ಬೋರ್ಡಿನಲ್ಲಿ 96 ಎಂಬಿ ಕ್ಯಾಶೆಯ ರೈಜನ್ 7 5700ಎಕ್ಸ್3ಡಿ ಕೂರುತ್ತದೆ, ಸಿಕ್ಕರೆ. 12100ಎಫ್‌ನ ಬೋರ್ಡಿನಲ್ಲಿ ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಚಿಪ್‌ಗಳವರೆಗೆ ಹೋಗಬಹುದು. ಆ ಎರಡು ಪೀಳಿಗೆಗಳ ಮೇಲ್ದರ್ಜೆಯ ಚಿಪ್‌ಗಳು ಅಸ್ಥಿರವಾಗುವ ತೊಂದರೆಯನ್ನು 2024ರಲ್ಲಿ ಇಂಟೆಲ್ ಒಪ್ಪಿಕೊಂಡು ಮೈಕ್ರೊಕೋಡ್ (ಚಿಪ್‌ನ ಒಳಸೂಚನೆ) ತಿದ್ದುಪಡಿ ಬಿಡುಗಡೆ ಮಾಡಿತು. 12100ಎಫ್ ಅದಕ್ಕೆ ಸೇರಿದ್ದಲ್ಲ, ಆದರೆ ಮುಂದೆ ಆ ಕಡೆ ಹೋಗುವವರು ಬಯೋಸ್ (ಬೋರ್ಡಿನೊಳಗಿನ ಮೂಲ ತಂತ್ರಾಂಶ) ಅಪ್‌ಡೇಟ್ ಮಾಡಿಸಿಕೊಂಡೇ ಹೋಗಬೇಕು.

ಕರೆಂಟ್ ಹೋಗಿ ಬರುವ ಊರಾದರೆ ಯುಪಿಎಸ್ ಲೆಕ್ಕವನ್ನೂ ಹಾಕಿ. ಮನೆಗಳಲ್ಲಿರುವ 600 ವಿಎ ಯುಪಿಎಸ್ ಸಾಮಾನ್ಯವಾಗಿ 360 ವ್ಯಾಟ್‌ನಷ್ಟು ಕೊಡುತ್ತದೆ. ಕಾರ್ಡಿಲ್ಲದ 5600ಜಿಗೆ ಅದು ಹೆಚ್ಚೇ ಆಯಿತು. ಆರ್‌ಎಕ್ಸ್ 6600 ಒಂದೇ 132 ವ್ಯಾಟ್ ಕೇಳುತ್ತದೆ. ಆಟದ ನಡುವೆ ಕರೆಂಟ್ ಹೋದರೆ ಯುಪಿಎಸ್ ತಡೆಯುತ್ತದೆ, ಆದರೆ ಸೇವ್ ಮಾಡಿ ಮುಚ್ಚುವಷ್ಟೇ ಹೊತ್ತು.

ಬೆಂಗಳೂರಿನ ಎಸ್.ಪಿ. ರಸ್ತೆಗಾಗಲಿ ನಿಮ್ಮೂರಿನ ಅಂಗಡಿಗಾಗಲಿ ಹೋದಾಗ ಹೆಸರನ್ನು ಅಕ್ಷರ ಸಮೇತ ಬರೆದುಕೊಂಡು ಹೋಗಿ. ರೈಜನ್ 5 5500 ಎಂಬುದು 5600ಜಿಯ ತಮ್ಮನಂತೆ ಕಾಣುತ್ತದೆ, ಅದಕ್ಕೆ ಗ್ರಾಫಿಕ್ಸ್ ಇಲ್ಲ. 5600ಜಿಟಿ ಎಂಬುದು 5600ಜಿಯದೇ ಸ್ವಲ್ಪ ತಿದ್ದಿದ ರೂಪ, ಅದನ್ನು ಕೊಟ್ಟರೆ ತೆಗೆದುಕೊಳ್ಳಿ. ಡಬ್ಬಿಯಲ್ಲಿ ಬರುವ ಎರಡೂ ಚಿಪ್‌ಗಳಿಗೆ ಫ್ಯಾನ್ ಮತ್ತು ಕಂಪನಿಯ ಮೂರು ವರ್ಷದ ವಾರಂಟಿ ಇರುತ್ತದೆ. ‘ಟ್ರೇ’ ಎಂದು ಅಗ್ಗಕ್ಕೆ ಕೊಡುವ ಬಿಡಿ ಚಿಪ್‌ಗೆ ಅಂಗಡಿಯವರ ಮಾತೇ ವಾರಂಟಿ, ಅದನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಎಚ್610 ಬೋರ್ಡುಗಳು ಡಿಡಿಆರ್4, ಡಿಡಿಆರ್5 ಎರಡರಲ್ಲೂ ಬರುತ್ತವೆ. ಒಂದರ ರ‍್ಯಾಮ್ ಇನ್ನೊಂದರಲ್ಲಿ ಕೂರುವುದಿಲ್ಲ. ವಿಂಡೋಸ್ 11ರಲ್ಲಿ ವ್ಯಾಲೊರಂಟ್ ತೆರೆಯಲು ಟಿಪಿಎಂ ಮತ್ತು ಸೆಕ್ಯೂರ್ ಬೂಟ್ ಎಂಬ ಎರಡು ಭದ್ರತಾ ಸೌಲಭ್ಯಗಳು ಬೇಕು. ಎರಡೂ ಚಿಪ್‌ಗಳ ಬೋರ್ಡುಗಳಲ್ಲಿ ಇವು ಸಿಗುತ್ತವೆ, ಬಯೋಸ್‌ನಲ್ಲಿ ಚಾಲೂ ಮಾಡಿಸಿ.

ಹಣ ಕೊಡುವ ಮುನ್ನ ಅಂಗಡಿಯಲ್ಲೇ ಯಂತ್ರ ಆನ್ ಮಾಡಿಸಿ, ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್ ಪುಟದಲ್ಲಿ ಮೆಮೊರಿ ಭಾಗ ನೋಡಿ. ಬಳಕೆಯಲ್ಲಿರುವ ಸ್ಲಾಟ್ 2 ಎಂದಿರಬೇಕು, ಡಿಡಿಆರ್4 ಆದರೆ ವೇಗ 3200 ಎಂದಿರಬೇಕು. 2133 ಅಥವಾ 2666 ಎಂದು ತೋರಿಸಿದರೆ ರ‍್ಯಾಮನ್ನು ಅದರ ಪೂರ್ಣ ವೇಗದಲ್ಲಿ ಓಡಿಸುವ ಎಕ್ಸ್‌ಎಂಪಿ ಸೆಟ್ಟಿಂಗನ್ನು ಬಯೋಸ್‌ನಲ್ಲಿ ಆನ್ ಮಾಡಲು ಹೇಳಿ. ಎರಡು ನಿಮಿಷದ ಕೆಲಸ.