ಕಣ್ಣು ಕಾಣದ ಮಗುವಿಗೆ ನೋಟ್ಸ್ ಕಳಿಸುವ ಮುನ್ನ

ದೃಷ್ಟಿ ಸಮಸ್ಯೆ ಇರುವ ಮಕ್ಕಳಿಗೆ ಮೊಬೈಲ್, ಕಂಪ್ಯೂಟರ್ ಬಳಸಲು ಹೇಳಿಕೊಡುವುದು ನನ್ನ ಕೆಲಸ. ಶಾಲೆಯವರು ಮೊದಲು ಕೇಳುವುದು, "ಯಾವ ಆ್ಯಪ್ ಹಾಕಿಸೋಣ ಮೇಡಂ?" ಅಂತ. ಆ್ಯಪ್ ಆಮೇಲೆ, ನೀವು ಮಕ್ಕಳಿಗೆ ಕಳಿಸುವ ನೋಟ್ಸ್ ತೋರಿಸಿ ಅನ್ನುತ್ತೇನೆ. ಸಾಮಾನ್ಯವಾಗಿ ಅದು ವಾಟ್ಸ್‌ಆ್ಯಪ್‌ಗೆ ಹಾಕಿದ ಪುಟದ ಫೋಟೋ. ವಾರೆಯಾಗಿ ತೆಗೆದದ್ದು, ಮೂಲೆಯಲ್ಲಿ ಯಾರದೋ ಹೆಬ್ಬೆರಳು ಬೇರೆ.

ಪರದೆಯ ಮೇಲಿನ ಅಕ್ಷರ ಓದಿ ಹೇಳುವ ತಂತ್ರಾಂಶಕ್ಕೇನೂ (ಸ್ಕ್ರೀನ್ ರೀಡರ್) ಬರ ಇಲ್ಲ. ಬಹುತೇಕ ಆಂಡ್ರಾಯ್ಡ್ ಫೋನ್‌ಗಳಲ್ಲಿ ಟಾಕ್‌ಬ್ಯಾಕ್ ಇದ್ದೇ ಇರುತ್ತದೆ. ಕಂಪ್ಯೂಟರಿಗೆ ಎನ್‌ವಿಡಿಎ ಇದೆ, ಪೂರ್ತಿ ಉಚಿತ. 2006ರಲ್ಲಿ ಅದನ್ನು ಶುರು ಮಾಡಿದ ಆಸ್ಟ್ರೇಲಿಯಾದ ಮೈಕೆಲ್ ಕರನ್ ಅವರಿಗೂ ಕಣ್ಣು ಕಾಣುವುದಿಲ್ಲ. ಎರಡರಲ್ಲೂ ಕನ್ನಡ ಓದಿಸಬಹುದು. ಆದರೆ ಓದಲು ಅಲ್ಲಿ ಫೋಟೋ ಅಲ್ಲ, ಅಕ್ಷರ ಇರಬೇಕಲ್ವಾ?

ಟೈಪ್ ಮಾಡಿದ ನೋಟ್ಸ್ ಆದರೂ ನೆಮ್ಮದಿ ಇಲ್ಲ. ಹಳೇ ನುಡಿ ಫಾಂಟಿನಲ್ಲಿ "ಕನ್ನಡ" ಅಂತ ಟೈಪ್ ಮಾಡಿದರೆ ನಮ್ಮ ಕಣ್ಣಿಗೆ ಕನ್ನಡವೇ ಕಾಣುತ್ತದೆ, ಫೈಲಿನ ಒಳಗೆ ಮಾತ್ರ ಇಂಗ್ಲಿಷಿನ ಪಿ, ಪೌಂಡ್ ಚಿಹ್ನೆ, ಕ್ಯೂ ಕೂತಿರುತ್ತವೆ, ಸ್ಕ್ರೀನ್ ರೀಡರ್ ಪಾಪ ಅದನ್ನೇ ಓದುತ್ತದೆ. ಪ್ರತಿ ಕನ್ನಡ ಅಕ್ಷರಕ್ಕೂ ಅದರದೇ ಸಂಕೇತ ಇರುವ ಯೂನಿಕೋಡ್ ಬರುವ ಮೊದಲು ಆ ಫಾಂಟುಗಳು ಕನ್ನಡಕ್ಕೆ ಮಾಡಿದ ಉಪಕಾರ ದೊಡ್ಡದು, ಅದನ್ನು ಅಲ್ಲಗಳೆಯುತ್ತಿಲ್ಲ. ಆದರೆ ಇವತ್ತೂ ಅದರಲ್ಲೇ ಪ್ರಶ್ನೆಪತ್ರಿಕೆ ಮಾಡುವುದು ಯಾಕೆ? ಹಳೆಯ ಫೈಲುಗಳನ್ನು ಯೂನಿಕೋಡಿಗೆ ಬದಲಿಸುವ ಉಚಿತ ಪರಿವರ್ತಕಗಳು ಇವೆ. ಬದಲಿಸಿದ ಮೇಲೆ ಪಿಡಿಎಫ್ ಮಾಡಿ ಕೈತೊಳೆದುಕೊಳ್ಳಬೇಡಿ, ಪಿಡಿಎಫ್‌ನಲ್ಲಿ ಎಷ್ಟೋ ಸಲ ಒತ್ತಕ್ಷರಗಳು ಚೆಲ್ಲಾಪಿಲ್ಲಿ ಆಗುತ್ತವೆ. ವರ್ಡ್ ಫೈಲನ್ನೂ ಜೊತೆಗೇ ಕಳಿಸಿ.

ಇಷ್ಟಾದರೆ ಒಂದೇ ಫೈಲು ಒಬ್ಬೊಬ್ಬರಿಗೆ ಒಂದೊಂದು ಥರ ಒದಗುತ್ತದೆ. ರೂಢಿ ಆದ ಹುಡುಗ ನಮಗೆ ಒಂದಕ್ಷರವೂ ತಿಳಿಯದಷ್ಟು ವೇಗದಲ್ಲಿ ಕೇಳಿಸಿಕೊಳ್ಳುತ್ತಾನೆ. ಹೊಸದಾಗಿ ಕಲಿಯುವವಳು ನಿಧಾನಕ್ಕೆ ಇಟ್ಟು ಒಂದೊಂದೇ ಸಾಲು ಕೇಳುತ್ತಾಳೆ. ಸ್ವಲ್ಪ ದೃಷ್ಟಿ ಇರುವ ಮಗು ಅಕ್ಷರ ದೊಡ್ಡದು ಮಾಡಿ, ಕಪ್ಪು ಹಿನ್ನೆಲೆಯಲ್ಲಿ ಹಳದಿ ಅಕ್ಷರ ಇಟ್ಟುಕೊಂಡು ತಾನೇ ಓದುತ್ತದೆ. ಪರ್ಸನಲೈಸ್ಡ್ ಕಲಿಕೆ ಅಂತ ಜಾಹೀರಾತಿನಲ್ಲಿ ದುಬಾರಿಗೆ ಮಾರುತ್ತಾರಲ್ಲ, ಅದರಲ್ಲಿ ನಮ್ಮ ಮಕ್ಕಳಿಗೆ ಬೇಕಾದ ಮುಕ್ಕಾಲು ಪಾಲು ಇಲ್ಲೇ ಸಿಕ್ಕಿತು.

ಹಾಗಂತ ಫೋನ್ ಬಂತು, ಬ್ರೈಲ್ ಬೇಡ ಅನ್ನುವವರ ಜೊತೆ ನನ್ನದು ಜಗಳವೇ. ಬರೀ ಕೇಳಿ ಕಲಿತ ಮಗುವಿಗೆ ಕಾಗುಣಿತ ಕೈಗೆ ಹತ್ತುವುದಿಲ್ಲ. ಶ, ಷ ಎರಡನ್ನೂ ನಾವೇ ಒಂದೇ ಥರ ಉಚ್ಚರಿಸುತ್ತೇವೆ, ಇನ್ನು ಯಂತ್ರದ ಧ್ವನಿ ಕೇಳುವ ಮಗುವಿಗೆ "ವಿಷಯ"ದಲ್ಲಿ ಯಾವುದು ಅಂತ ಹೇಗೆ ಗೊತ್ತಾಗಬೇಕು? ಬ್ರೈಲ್‌ನಲ್ಲಿ ಬೆರಳಿಗೆ ಎರಡೂ ಬೇರೆ ಬೇರೆ. ಕಂಪ್ಯೂಟರಿಗೆ ಜೋಡಿಸುವ, ಪರದೆಯ ಅಕ್ಷರವನ್ನು ಬೆರಳಿಗೆ ಚುಕ್ಕಿಗಳಾಗಿ ಎಬ್ಬಿಸುವ ಬ್ರೈಲ್ ಡಿಸ್‌ಪ್ಲೇ ದುಬಾರಿ, ಎಲ್ಲ ಮನೆಯವರ ಕೈಗೆಟುಕುವುದಿಲ್ಲ. ಅದಿಲ್ಲದಿದ್ದರೆ ಕಾಗದದ ಮೇಲೆ ಬ್ರೈಲ್ ಚುಕ್ಕಿ ಒತ್ತುವ ಸ್ಲೇಟು, ಸ್ಟೈಲಸ್ ಸಾಕು. ಕನ್ನಡ ಬರವಣಿಗೆ ಅದರಲ್ಲೇ ಪಳಗಲಿ.

ಗಣಿತ, ವಿಜ್ಞಾನಕ್ಕೆ ಬಂದರೆ ಕಷ್ಟ ಜಾಸ್ತಿ. ಚಿತ್ರವಾಗಿ ಅಂಟಿಸಿದ ಸಮೀಕರಣ ಓದಲು ಬರುವುದಿಲ್ಲ, ವರ್ಡ್‌ನ ಈಕ್ವೇಶನ್ ಸೌಲಭ್ಯದಲ್ಲೇ ಬರೆಯಿರಿ. ಹೃದಯದ ಚಿತ್ರಕ್ಕೆ ನಾಲ್ಕು ಸಾಲು ವಿವರಣೆ ಕೊಡಿ, ಆದರೆ ಉಬ್ಬುಚಿತ್ರ ಮುಟ್ಟಿ ನೋಡುವುದಕ್ಕೆ ಅದು ಸಮವಲ್ಲ.

"ಪುಸ್ತಕ ಸ್ಕ್ಯಾನ್ ಮಾಡಿ ಅಕ್ಷರಕ್ಕೆ ಬದಲಿಸಿದರೆ ಕಾನೂನು ತೊಂದರೆ ಬರಲ್ವಾ?" ಅಂತ ಕೆಲವರು ಹೆದರುತ್ತಾರೆ. ನಮ್ಮ ಕಾಪಿರೈಟ್ ಕಾಯ್ದೆಗೆ 2012ರಲ್ಲಿ ತಿದ್ದುಪಡಿ ಆಗಿದೆ. ಅಂಗವೈಕಲ್ಯ ಇರುವವರಿಗೆಂದು, ಲಾಭದ ಉದ್ದೇಶ ಇಲ್ಲದೆ, ಓದಲು ಆಗುವ ರೂಪಕ್ಕೆ ಪುಸ್ತಕ ಬದಲಿಸಿಕೊಳ್ಳಬಹುದು. ಸ್ಕ್ಯಾನ್ ಮಾಡುವ ಮುಂಚೆ, ಅಚ್ಚಿನ ಪುಸ್ತಕ ಓದಲಾಗದವರಿಗೆಂದೇ ಇರುವ ಆನ್‌ಲೈನ್ ಗ್ರಂಥಾಲಯ ಸುಗಮ್ಯ ಪುಸ್ತಕಾಲಯದಲ್ಲಿ ಒಮ್ಮೆ ಹುಡುಕಿ, ಬೇರೆ ಯಾರಾದರೂ ಆ ಕೆಲಸ ಮುಗಿಸಿಟ್ಟಿರಬಹುದು.