ಪಬ್ಬಿನ ಹೊರಗಿನ ಕಟ್ಟೆ

"ಈ ರೋಡಿಗೆ ಸ್ವಲ್ಪ ಪಬ್ ಫೀಲ್ ಬರ್ಬೇಕು ಸರ್, ಗೋಡೆಯಲ್ಲೆಲ್ಲ ಗ್ರಾಫಿಟಿ ಹಾಕುವ" ಅಂತ ಮೀಟಿಂಗಲ್ಲಿ ಹೇಳುವವರು ಈಗ ಜಾಸ್ತಿ ಆಗಿದ್ದಾರೆ. ಆಸೆ ಒಳ್ಳೆಯದೇ. ಆದ್ರೆ ಮರುದಿನ ವಾಟ್ಸಾಪಲ್ಲಿ ಬರುವ ಫೋಟೋಗಳಲ್ಲಿ ಬರೀ ಬಣ್ಣ ಇರ್ತದೆ, ಜನ ಇರುದಿಲ್ಲ. ಮಂಗ್ಳೂರಲ್ಲಿ ಬೀದಿ ಡಿಸೈನ್ ಮಾಡುವವನಾಗಿ ನನಗೆ ಪಬ್ಬಿನಿಂದ ಬೇಕಾದ್ದು ಅದರ ಬಾಗಿಲಿನ ಹೊರಗಿನ ಆರಡಿ ಜಾಗ.

ಒಂದು ಶನಿವಾರ ರಾತ್ರಿ ಬಲ್ಮಠ ಹತ್ರ ಒಂದು ಪಬ್ಬಿನ ಎದುರು ರಸ್ತೆಯ ಆಚೆ ಬದಿ ಸುಮ್ನೆ ನಿಂತು ನೋಡಿದೆ. ಮೂರು ಜನ ಬೈಕಿಗೆ ಒರಗಿ ಮಾತಾಡ್ತಾ ಇದ್ರು, ಇಬ್ರು ಮೆಟ್ಟಿಲಲ್ಲಿ, ಒಬ್ಳು ಹುಡುಗಿ ಪಕ್ಕದ ಬಾಗಿಲು ಹಾಕಿದ ಅಂಗಡಿಯ ಜಗಲಿಯಲ್ಲಿ ಚಪ್ಪಲಿ ಬಿಚ್ಚಿಟ್ಟು ಕಾಲು ಮಡಚಿ ಕೂತು ಆಟೋಗೆ ಕಾಯ್ತಾ ಇದ್ಲು. ಅಲ್ಲಿಂದ ಐವತ್ತು ಹೆಜ್ಜೆ ಆಚೆ ಉದ್ದಕ್ಕೆ ಕಂಪೌಂಡ್ ಗೋಡೆ, ಬೀದಿದೀಪ ಅಲ್ಲಿಯೂ ಉಂಟು, ಒಂದು ನರಪಿಳ್ಳೆ ಇಲ್ಲ.

2009ರ ಜನವರಿಯಲ್ಲಿ ಇದೇ ಊರಲ್ಲಿ ಪಬ್ಬಿಗೆ ನುಗ್ಗಿ ಹುಡುಗಿಯರಿಗೆ ಹೊಡೆದ್ರು, ಆಮೇಲೆ ಪಬ್ ಕಲ್ಚರ್ ಅನ್ನುವ ಶಬ್ದವೇ ಇಲ್ಲಿ ಬೈಗುಳದ ಹಾಗೆ ಆಗಿಹೋಯ್ತು. ನನಗಂತೂ ಆ ಜಗಲಿಯಲ್ಲಿ ಹೆದರದೆ ಕೂತ ಹುಡುಗಿಯೇ ಕಣ್ಣಿಗೆ ಕಟ್ಟಿದ್ದು, ನಮ್ಮೂರ ಲಾಲ್‌ಬಾಗಲ್ಲಿ ಗಡ್‌ಬಡ್ ಐಸ್‌ಕ್ರೀಂ ತಿಂದು ಮುಗಿದ ಮೇಲೂ ಮನೆಗೆ ಹೋಗದೆ ನಿಲ್ಲುವ ಸಂಸಾರಗಳಿಗೂ ಬೇಕಾದ್ದು ಹಾಗೆ ಕೂರುವ ಜಾಗವೇ ಅಲ್ವಾ.

ಹಂಪನಕಟ್ಟೆ, ಮಲ್ಲಿಕಟ್ಟೆ ಅಂತ ಹೆಸರಲ್ಲೇ ಕಟ್ಟೆ ಇರುವ ಊರು ಮಾರಾಯ್ರೇ ಇದು, ಫುಟ್‌ಪಾತಲ್ಲಿ ಕೂರ್ಲಿಕ್ಕೆ ಒಂದು ಕಟ್ಟೆ ಇಲ್ಲ. ಹಾಗಾಗಿ ನಾವು ಒಂದು ರೋಡಿನ ಡ್ರಾಯಿಂಗಲ್ಲಿ ಕಂಪೌಂಡ್ ಗೋಡೆಯ ಬುಡದಲ್ಲಿ ಒಂದೂವರೆ ಅಡಿ ಎತ್ತರಕ್ಕೆ ಕಟ್ಟೆ ಹಾಕಿದ್ವು. ಕಟ್ಟೆ ಬಿಟ್ಟು ನಡೀಲಿಕ್ಕೆ 1.8 ಮೀಟರ್ ಖಾಲಿ ಇರ್ಲೇಬೇಕು, ರಸ್ತೆಗಳ ಮಾನದಂಡ ಬರೆಯುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ನಿಯಮದಲ್ಲಿ ಅದೇ ಕನಿಷ್ಠ, ಅಂಗಡಿಬೀದಿಗೆ ಇನ್ನೂ ಜಾಸ್ತಿ. "ಪೋಲಿಗಳು ಬಂದು ಕೂರ್ತಾರೆ" ಅಂತ ಗೋಡೆಯ ಯಜಮಾನ್ರು ಒಪ್ಪಲಿಲ್ಲ, ನಾಲ್ಕು ಸಲ ಚಾ ಕುಡಿದ ಮೇಲೆ ಒಪ್ಪಿದ್ರು.

ಬೆಂಗಳೂರಿನ ಚರ್ಚ್ ಸ್ಟ್ರೀಟ್ 2018ರಲ್ಲಿ ಹೊಸದಾದಾಗ ಎಲ್ರೂ ಮಾತಾಡಿದ್ದು ಕಲ್ಲುಹಾಸಿನ ಬಗ್ಗೆ, ನಾನು ಹೋಗಿ ನೋಡುದು ಕೆಳಗಿನ ಡಕ್ಟನ್ನು. ಕೇಬಲ್ ಪೈಪಿಗೆ ಮೊದಲೇ ದಾರಿ ಇಟ್ರೆ ಫುಟ್‌ಪಾತ್ ಪದೇಪದೇ ಅಗೀಬೇಕಾಗಿಲ್ಲ. ನಮ್ಮ ಒಂದು ಕೆಲಸದಲ್ಲಿ ಹಾಸಿದ ಎರಡೇ ತಿಂಗಳಿಗೆ ಕೇಬಲಿಗಂತ ಅಗೆದು ಮಣ್ಣು ಮುಚ್ಚಿ ಹೋದ್ರು, ಅದನ್ನು ನೋಡಿ ನನಗೆ ಆ ದಿನ ಊಟ ಸೇರಲಿಲ್ಲ.

ಇನ್ನು ಚಿತ್ರದ ವಿಷಯ. ಇಲ್ಲಿನ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲಲ್ಲಿ ಇಟಲಿಯ ಅಂಟೋನಿಯೋ ಮೊಸ್ಕೆನಿ 1899ರಿಂದ 1901ರವರೆಗೆ ಬರೆದ ಚಿತ್ರ ಇವತ್ತೂ ಉಂಟು, ಅದು ಮಾಡಿನಡಿ ಇದ್ದೂ ದುರಸ್ತಿ ಬೇಕಾಯ್ತು, ಹೊರಗಿನ ಕೆಂಪುಕಲ್ಲಿನ ಗೋಡೆಯ ಗತಿ ಕೇಳುದೇ ಬೇಡ. ಕಲ್ಲು ಆಟಿ ತಿಂಗಳಿಡೀ ಮಳೆನೀರು ಕುಡಿದಿರ್ತದೆ, ಅದರ ಮೇಲೆ ಎಮಲ್ಷನ್ ಬಳಿದ್ರೆ ಒಳಗಿನ ತೇವ ಹೊರಗೆ ಬರುವಾಗ ಬಣ್ಣ ಹಪ್ಪಳದ ಹಾಗೆ ಎದ್ದು ಬರ್ತದೆ. ಗೋಡೆಯ ತಲೆಗೆ ಮಂಗಳೂರು ಹಂಚು ಇಟ್ಟು ನೀರು ಮುಂದಕ್ಕೆ ಬೀಳುವ ಹಾಗೆ ಮಾಡ್ಬೇಕು, ಕಟ್ಟೆಯಿಂದ ಮೇಲೆ ಎರಡಡಿ ಬಣ್ಣ ಹಾಕದೆ ಬಿಡ್ಬೇಕು, ಮಳೆ ಚಿಮ್ಮುದು ಅಷ್ಟರವರೆಗೆ. ಜನ ಬೆನ್ನು ಕೊಡುದೂ ಅಲ್ಲಿಗೇ.

ಚಿತ್ರಕ್ಕೆ ಪಿಲಿವೇಷದ ಹುಲಿ ಬೇಕು ಅಂತ ಕೆಲವ್ರು, ಮೀನು ಮಾರುವ ಹೆಂಗಸ್ರು ಅಂತ ಕೆಲವ್ರು. ದೀಪಾವಳಿ ಕಳೀಲಿ, ಗೋಡೆ ಒಣಗ್ಲಿ ಅಂತ ಹೇಳಿದ್ದೇನೆ. ಕಟ್ಟೆಯಲ್ಲಿ ಜನ ಆಗ್ಲೇ ಕೂತಾಗಿದೆ.